ಹಾನ್ ಮಾಸ್ತರನ ಅರ್ಧ ಕಥೆ

ನನ್ನ ಗಂಡ ಊಟಕ್ಕೆ ಹೆಸರಿಡುವುದನ್ನು ಬಿಟ್ಟಾಗಲೇ ನನಗೆ ಗಾಬರಿಯಾದದ್ದು. ಪಲ್ಯಕ್ಕೆ ಉಪ್ಪು ಕಡಿಮೆ, ರೊಟ್ಟಿ ದಪ್ಪ, ಚಟ್ನಿಪುಡಿಯಲ್ಲಿ ಬೆಳ್ಳುಳ್ಳಿ ಕಾಣಿಸುತ್ತಿಲ್ಲ ಎಂದು ಹೊತ್ತು ಹೊತ್ತಿಗೆ ನನ್ನನ್ನು ಪರೀಕ್ಷೆಗೆ ಕೂಡಿಸುತ್ತಿದ್ದ ಮನುಷ್ಯ, ಹಾಕಿದ್ದನ್ನು ತಿಂದು, ಕೈ ತೊಳೆದು, ಗೋಡೆಗೆ ಒರಗಿ ಕೂತುಬಿಡುತ್ತಿದ್ದರು. ಒಂದು ದಿನ ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಬಡಿಸಿದೆ. ಅದನ್ನೂ ಉಂಡರು. ಜ್ವರ ಬಂದಿದ್ದರೆ ಕಷಾಯ ಮಾಡಬಹುದಿತ್ತು, ಇದಕ್ಕೇನು ಮಾಡಲಿ?

ಕಾರಣವೇನೋ ನನಗೆ ಗೊತ್ತಿತ್ತು. ಅವರು ಕಥೆ ಬರೆಯುವುದನ್ನು ನಿಲ್ಲಿಸಿದ್ದರು.

ನಮ್ಮವರು, ನಿಜಲಿಂಗಪ್ಪ ಮಾಸ್ತರರು, ಲಕ್ಷ್ಮೇಶ್ವರದ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು. ಹುಟ್ಟಿದ್ದು ಶಿರಹಟ್ಟಿಯಲ್ಲಿ. ಅವರ ಎಳವೆಯಲ್ಲಿ ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜದ್ದು. ಕಚೇರಿ, ಕಾಗದಪತ್ರ, ದೊಡ್ಡವರೆನಿಸಿಕೊಂಡವರ ಮಾತುಕತೆ ಎಲ್ಲ ಮರಾಠಿ. ಹುಡುಗ ಜಾಣನಿದ್ದಾನೆಂದು ಸೋದರಮಾವ ಸಾಂಗಲಿಗೇ ಕರೆದುಕೊಂಡು ಹೋಗಿ ಓದಿಸಿದ. ಮನೆಯಲ್ಲಿ ನಿಂಗಪ್ಪನಾಗಿದ್ದ ಇವರು ಅಲ್ಲಿ ನಿಜಲಿಂಗರಾವ್ ಆದರು. ಕಥೆ ಎಂಬುದನ್ನು ನಮ್ಮಂಥ ಮನೆಯವರೂ ಬರೆಯಬಹುದು ಎಂದು ಅವರಿಗೆ ತಿಳಿದದ್ದು ಮರಾಠಿ ಮಾಸಪತ್ರಿಕೆಗಳಿಂದ. ಮೊದಲ ಕಥೆ ಬರೆದದ್ದೂ ಮರಾಠಿಯಲ್ಲಿಯೇ, ಅದು ಅಚ್ಚೂ ಆಗಿತ್ತಂತೆ. ಆಮೇಲೆ ಸ್ವಾತಂತ್ರ್ಯ ಬಂತು, ಸಂಸ್ಥಾನಗಳು ಹೋದವು, ಇವರು ಕನ್ನಡಕ್ಕೆ ತಿರುಗಿದರು. ಕರ್ನಾಟಕ ಒಂದಾಗಬೇಕೆಂದು ಎಲ್ಲಿ ಸಭೆ ಕೂಡಿದರೂ ಮುಂದಿನ ಸಾಲಿನಲ್ಲಿ ಕೂತು, ಗಂಟಲು ಕೂರುವವರೆಗೆ ಜಯಕಾರ ಕೂಗಿ ಬರುತ್ತಿದ್ದರು.

ಸಂಜೆ ನಾನು ರೊಟ್ಟಿ ಬಡಿಯುವಾಗ ಒಲೆಯ ಪಕ್ಕ ಮಣೆ ಹಾಕಿಕೊಂಡು, ಆ ದಿನ ಬರೆದಷ್ಟನ್ನು ಓದುತ್ತಿದ್ದರು. ನಮ್ಮ ಕಡೆ ಕಥೆ ಕೇಳುವವರು ಬಾಯಿ ಮುಚ್ಚಿಕೊಂಡು ಕೂಡುವ ಹಾಗಿಲ್ಲ. ಹೇಳುವವರು ಉಸಿರು ತೆಗೆದುಕೊಂಡಾಗೆಲ್ಲ ‘ಹ್ಞೂಂ’ ಅನ್ನಬೇಕು. ಹ್ಞೂಂಗುಟ್ಟದಿದ್ದರೆ ಕಥೆ ದಾರಿ ತಪ್ಪಿ ಎತ್ತಲೋ ಹೋಗುತ್ತದೆ ಎಂದು ಹೆದರಿಸಿಯೇ ನಮ್ಮನ್ನು ಬೆಳೆಸಿದ್ದಾರೆ. ನಾನು ಒಂದು ಕೈಯಲ್ಲಿ ಹಿಟ್ಟು ತಟ್ಟುತ್ತ ಹ್ಞೂಂಗುಟ್ಟುತ್ತಿದ್ದೆ, ಜಗಳವನ್ನೂ ತೆಗೆಯುತ್ತಿದ್ದೆ. ಅವರ ಕಥೆಯ ಹೆಣ್ಣುಮಗಳು ಮಾಳಿಗೆಯ ಕಿಟಕಿಗೆ ಒರಗಿ ಹಾರ್ಮೋನಿಯಂ ಬಾರಿಸುವವಳು, ಕಪ್ಪುಬಸಿಯಲ್ಲಿ ಚಹಾ ಕುಡಿಯುವವಳು, ಕಾಲೇಜು ಓದಿದ ಹುಡುಗನಿಗಾಗಿ ನಿಟ್ಟುಸಿರು ಬಿಡುವವಳು.

“ಇಂಥಾಕಿ ಲಕ್ಷ್ಮೇಶ್ವರದಾಗ ಯಾರ ಮನ್ಯಾಗ ಅದಾಳ್ರಿ?” ಎಂದು ನಾನು ಕೇಳುವುದು.

“ನಿನಗ ತಿಳಿಯೂದಿಲ್ಲ, ರೊಟ್ಟಿ ಹೊತ್ತತೈತಿ ನೋಡು,” ಎಂದು ಅವರು ಗದರುವುದು.

ತಿಳಿಯುತ್ತಿರಲಿಲ್ಲ ನಿಜ. ಆದರೆ ಆ ಹೊತ್ತಿನಲ್ಲಿ ಅವರ ಮುಖ ನೋಡುವುದು ನನಗೆ ಇಷ್ಟವಾಗಿತ್ತು. ಶಾಲೆಯಲ್ಲಿ ಛಡಿ ಹಿಡಿದ ಮಾಸ್ತರರು ಅಲ್ಲಿ ಇರುತ್ತಿರಲಿಲ್ಲ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಗದಗಿನಲ್ಲಿ ಕಥೆ ಓದುವವರ ಕೂಟ ಸೇರಿತು. ಇವರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹೋದರು. ಓದಿ ಮುಗಿಸಿದ ಮೇಲೆ ಹಿರಿಯರೊಬ್ಬರು ಎದ್ದು, “ಮಾಸ್ತರ, ಇದು ಮರಾಠಿ ಕಥಿಗೆ ಹಾಕಿದ ಕನ್ನಡ ಅಂಗಿರಿ. ಗುಂಡಿ ಸುದ್ದಾ ಸಾಂಗಲೀವ ಅದಾವು,” ಅಂದರಂತೆ. ಕೂತವರೆಲ್ಲ ನಕ್ಕರಂತೆ. ಮನೆಗೆ ಬಂದವರು ಅದೊಂದು ಮಾತನ್ನು ನನಗೆ ಹೇಳಿ, ಬರೆದ ಹಾಳೆಗಳನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದರು. ಕರ್ನಾಟಕ ಒಂದಾಗಲಿ ಎಂದು ಕೂಗಿ ಕೂಗಿ ಗಂಟಲು ಕೂರಿಸಿಕೊಂಡವನನ್ನು ನೀನು ಒಳಗಿಂದ ಕನ್ನಡದವನೇ ಅಲ್ಲ ಅಂದರೆ ಹೇಗಾಗಬೇಡ? ಆ ಹಿರಿಯರು ನನ್ನ ಕೈಗೆ ಸಿಕ್ಕಿದ್ದರೆ ಅವರ ಗುಂಡಿಗಳನ್ನು ನಾನೇ ಎಣಿಸುತ್ತಿದ್ದೆ.

ಯುಗಾದಿಗೆ ಮುಂಡರಗಿಯಿಂದ ಖಬರು ಬಂತು, ನನ್ನ ತಮ್ಮ ಹುಚ್ಚೀರಪ್ಪ ಕೊರಿಯಾದಿಂದ ತಿರುಗಿ ಬಂದಿದ್ದಾನೆ ಎಂದು. ಇವರನ್ನು ಎಬ್ಬಿಸಿಕೊಂಡು ತವರಿಗೆ ಹೊರಟೆ. ಬಸ್ಸಿನಲ್ಲಿ ಸೀಟು ಸಿಗಲಿಲ್ಲವೆಂದರೂ ಇವರು ಗೊಣಗಲಿಲ್ಲ. ಅಷ್ಟು ಕೆಟ್ಟಿತ್ತು ಸ್ಥಿತಿ.

ಹುಚ್ಚೀರಪ್ಪನ ಬಗ್ಗೆ ಒಂದೆರಡು ಮಾತು ಹೇಳಬೇಕು. ಅವನು ದಂಡಿನ ದವಾಖಾನೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವವನು. ದೊಡ್ಡ ಯುದ್ಧದಲ್ಲಿ ಸಿಂಗಾಪುರದಲ್ಲಿ ಜಪಾನಿನವರ ಕೈಗೆ ಸಿಕ್ಕು, ಯುದ್ಧ ಮುಗಿಯುವ ತನಕ ಅವರ ಆಸ್ಪತ್ರೆಯಲ್ಲೇ ಕಸ ಹೊಡೆದು, ಪಟ್ಟಿ ಒಗೆದು, ಬೈಗುಳದಿಂದ ಶುರುಮಾಡಿ ಜಪಾನಿ ಮಾತು ಕಲಿತಿದ್ದ. ಈಗ ಕೊರಿಯಾದಲ್ಲಿ ಕಾಳಗ ನಿಂತು, ಕೈದಿಗಳು ಉತ್ತರಕ್ಕೋ ದಕ್ಷಿಣಕ್ಕೋ ಯಾವ ಕಡೆ ಹೋಗುತ್ತಾರೆಂದು ತೀರ್ಮಾನವಾಗುವವರೆಗೆ ಅವರನ್ನು ಕಾಯಲು ನಮ್ಮ ದೇಶದ ದಂಡು ಹೋಗಿತ್ತು. ಅದರ ಜೊತೆಗೆ ಇವನೂ ಹೋಗಿದ್ದ.

ನಮ್ಮವ್ವ ಸುಮಿತ್ರವ್ವ ಮಗನನ್ನು ಪಡಸಾಲೆಯಲ್ಲಿ ಕೂಡಿಸಿ, ಹೋಳಿಗೆ ತಿನ್ನಿಸಿ ತಿನ್ನಿಸಿ ಸುಸ್ತು ಮಾಡಿದ್ದಳು. ಪಕ್ಕದ ಮನೆಯ ಅಕ್ಬರಸಾಬ ಕೊರ್ಲಹಳ್ಳಿ ಹೊಳೆದಂಡೆಯ ಕಲ್ಲಂಗಡಿ ತಂದು ಹೆಚ್ಚಿ ಹಂಚುತ್ತಿದ್ದ. ಅಲ್ಲಿ ಎಂಥ ಚಳಿ, ಏನು ತಿಂದಿ, ಹೆಣ್ಣುಮಕ್ಕಳು ಎಂಥ ಸೀರೆ ಉಡುತ್ತಾರೆ ಎಂದು ಎಲ್ಲರೂ ಕೇಳುವವರೇ. ಇವರು ಮಾತ್ರ ಕಂಬಕ್ಕೆ ಒರಗಿ, ಕಲ್ಲಂಗಡಿಯ ಬೀಜಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತ ಕೂತಿದ್ದರು.

“ಅಲ್ಲೆ ಒಬ್ಬ ಕೈದಿ ಇದ್ದ,” ಅಂದ ಹುಚ್ಚೀರಪ್ಪ. “ಹಾನ್ ಅಂತ. ಅಂವನೂ ಮಾಮಾನಂಗ ಶಾಲಿ ಮಾಸ್ತರ, ಕಥಿ ಬರ್ಯಾಂವ. ಕಾಲಿಗೆ ದೊಡ್ಡ ಗಾಯ ಆಗಿತ್ತು. ದಿನಾ ನಾನ ಪಟ್ಟಿ ಕಟ್ಟತಿದ್ದೆ.”

“ಅಂವನ ಮಾತು ನಿನಗೆಂಗ ತಿಳೀತು?” ಅಂದಳು ಅವ್ವ.

“ಜಪಾನಿ ಮಾತಿನಾಗ. ಅವರ ದೇಶಾನ ಜಪಾನದವರು ಆಳಿದ್ರಲ್ಲ, ಶಾಲ್ಯಾಗ ಎಲ್ಲಾ ಅದ. ಕಡೀಕಡೀಗೆ ಇವರ ಹೆಸರು ಸುದ್ದಾ ಬದಲು ಮಾಡಿಸಿದ್ರಂತ. ನಾ ಒಂದಿನ ಗಾಯ ತೊಳಿಯೂಮುಂದ ‘ನೋವಾತೇನು’ ಅಂತ ಜಪಾನಿಯಾಗ ಕೇಳಿದೆ. ಅಂವ ನನ್ನ ಹೊಡೀತಾನೋ ಅಳತಾನೋ ತಿಳೀಲಿಲ್ಲ, ಹಂಗ ನೋಡಿದ. ಆಮ್ಯಾಲ ಬಾಯಿ ಬಿಟ್ಟ. ನಮ್ಮಿಬ್ಬರಿಗೂ ಅದೊಂದ ಮಾತು ಬರತಿತ್ತು, ಏನ್ ಮಾಡೂದು? ಇಬ್ಬರಿಗೂ ಅದರ ಮ್ಯಾಲ ಸಿಟ್ಟು, ಇಬ್ಬರೂ ಅದರಾಗ ಹರಟಿ ಹೊಡಿಯೂದು.”

ಇವರು ಬೀಜ ಜೋಡಿಸುವುದನ್ನು ನಿಲ್ಲಿಸಿದರು. “ಅಂವ ಕಥಿ ಯಾವ ಮಾತಿನಾಗ ಬರೀತಿದ್ದ?”

ತಿಂಗಳುಗಟ್ಟಲೆ ಏನನ್ನೂ ಕೇಳದ ಮನುಷ್ಯ ಪ್ರಶ್ನೆ ಕೇಳಿದ್ದರು. ನಾನು ಕಲ್ಲಂಗಡಿ ಕಚ್ಚುವುದನ್ನೂ ಬಿಟ್ಟೆ.

“ಮೊದಲನೇದು ಜಪಾನಿಯಾಗ ಬರದನಂತ ಮಾಮಾ. ಆಮ್ಯಾಲ ತನ್ನ ಮಾತಿನಾಗ. ಅವನಿಗೆ ಒಬ್ಬ ಜಪಾನಿ ಮಾಸ್ತರ ಪುಸ್ತಕಾ ಕೊಡತಿದ್ದನಂತ. ಅದರಾಗ ರಾಜಾ ಇಲ್ಲ, ರಾಣಿ ಇಲ್ಲ. ಒಬ್ಬ ಮನಷ್ಯಾ ತನ್ನ ಖೋಲ್ಯಾಗ ಕುಂತು, ನಾ ಹಿಂತಾಂವ ಅದೀನಿ, ನನಗ ಇದಕ್ಕ ನಾಚಿಕಿ ಆಗತೈತಿ, ನಮ್ಮ ಮನ್ಯಾಗ ಹಿಂಗ ಜಗಳಾತು ಅಂತ ಎಲ್ಲಾ ತಾನ ಬರಕೋತಾನಂತ. ‘ನಮ್ಮಜ್ಜಿ ಕಥ್ಯಾಗ ಹುಲಿ ಇರತಿತ್ತು, ನಾನು ಅನ್ನಾಂವ ಇರತಿದ್ದಿಲ್ಲ. ಅದನ್ನ ಅವರ ಪುಸ್ತಕದಾಗ ನೋಡಿ ಕಲತೆ,’ ಅಂತಿದ್ದ ಹಾನ್ ಮಾಸ್ತರ.”

“ಕಲತದ್ದಕ್ಕ ಏನಾತು?”

“ಏನಾಗತೈತಿ? ಜಪಾನದವರು, ಆಳಿಸ್ಕೊಂಡಾಂವ ಇಷ್ಟರ ಬರದಾನಲ್ಲ, ಅಡ್ಡಿಯಿಲ್ಲ ಅಂದ್ರಂತ. ಊರಾನವರು, ಇದು ಜಪಾನಿ ಕಥೀನ, ಮ್ಯಾಲ ನಮ್ಮ ಅಂಗಿ ಹಾಕ್ಯಾನ ಅಂದ್ರಂತ.”

ನಾನು ಇವರ ಮುಖ ನೋಡಲಿಲ್ಲ, ನೋಡುವ ಧೈರ್ಯವಾಗಲಿಲ್ಲ. ಹುಚ್ಚೀರಪ್ಪನಿಗೆ ಗದಗಿನ ಸಂಗತಿ ಗೊತ್ತಿರಲಿಲ್ಲ, ದೇವರಾಣೆ ನಾನು ಹೇಳಿರಲಿಲ್ಲ.

“ಅದಕ್ಕ ಅಂವ ಏನಂದ?” ಅಂದರು ಇವರು. ದನಿ ಸಣ್ಣದಾಗಿತ್ತು.

“ಏನೂ ಅನ್ನಲಿಲ್ಲ. ಕಾಲು ಮುಂದ ಮಾಡಿ, ‘ಪಟ್ಟಿ ಕಟ್ಟು’ ಅಂದ.”

ಅಕ್ಬರಸಾಬ ನಕ್ಕುಬಿಟ್ಟ. ಇವರೂ ನಕ್ಕರು, ಅಥವಾ ನಕ್ಕ ಹಾಗೆ ಉಸಿರು ಬಿಟ್ಟರು. ಅವ್ವನಿಗೆ ಇದೆಲ್ಲ ಬೇಡವಾಗಿತ್ತು. “ಅಂವ ಬರದ ಕಥಿ ಹೇಳಲೇ, ಹುಚ್ಚೀರ್ಯಾ. ಬರೇ ಅಂವನ ಪುರಾಣ ಕಟಗೊಂಡು ನಾ ಏನ್ ಮಾಡ್ಲಿ?” ಅಂದು ಸೆರಗು ಸರಿಮಾಡಿಕೊಂಡು ಕೂತಳು.

ಹುಚ್ಚೀರಪ್ಪ ಹೇಳತೊಡಗಿದ. ಅವ್ವ ಹ್ಞೂಂಗುಟ್ಟತೊಡಗಿದಳು.

ಗುಡ್ಡದ ಮೇಲಿನ ಊರು. ಅಲ್ಲಿ ಮನೆಯ ಬಾಗಿಲಿಗೆ ಹಲಗೆಯಿಲ್ಲ, ಸಣ್ಣ ಕಟ್ಟಿಗೆಯ ಚೌಕಟ್ಟಿಗೆ ದಪ್ಪನೆಯ ಕಾಗದ ಅಂಟಿಸಿರುತ್ತಾರೆ. ಪ್ರತಿ ವರ್ಷ ಚಳಿಗಾಲಕ್ಕೆ ಮೊದಲು ಹರಿದ ಕಾಗದ ಕಿತ್ತು ಹೊಸದನ್ನು ಹಚ್ಚುತ್ತಾರೆ. ಕಥೆ ಹೇಳುವ ‘ನಾನು’ ಆ ಊರಿನ ಬಡವರ ಮಗ, ಜಪಾನಿ ಶಾಲೆಯಲ್ಲಿ ಓದಿದವನು. ಅವನ ಮೊದಲ ಕಥೆ ಜಪಾನಿನ ಮಾಸಪತ್ರಿಕೆಯಲ್ಲಿ ಅಚ್ಚಾಗಿ ಬಂತು. ಅದನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದ. ಒಂದು ಸಂಜೆ ಮನೆಗೆ ಬಂದು ನೋಡಿದರೆ, ಅವನ ತಾಯಿ ಬಾಗಿಲ ತೂತಿಗೆ ಕಾಗದ ಹಚ್ಚಿದ್ದಾಳೆ. ಅದು ಇವನ ಕಥೆಯ ಹಾಳೆ. ಅಕ್ಷರ ಬಾರದ ಹೆಂಗಸು, ತಲೆಕೆಳಗಾಗಿ ಹಚ್ಚಿದ್ದಾಳೆ. ಅವನು ಊಟ ಮಾಡದೆ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಬೆಳಿಗ್ಗೆ ಬಿಸಿಲು ಬಿದ್ದು, ಆ ಅಕ್ಷರಗಳೆಲ್ಲ ಬಾಗಿಲಲ್ಲಿ ಬೆಳಗಿದವು. ಬಾಗಿಲ ಆಚೆ ತಾಯಿ ಬಂದು ನಿಂತದ್ದು ಕಾಗದದ ಮೇಲೆ ನೆರಳಾಗಿ ಕಂಡಿತು.

“ಹ್ಞೂಂ,” ಅಂದಳು ಅವ್ವ.

ಹುಚ್ಚೀರಪ್ಪ ಸುಮ್ಮನಾದ.

“ಹ್ಞೂಂ, ಮುಂದ?”

“ಮುಂದ ನನಗ ಗೊತ್ತಿಲ್ಲಬೇ.”

“ಗೊತ್ತಿಲ್ಲ ಅಂದ್ರ?”

ಅವನು ತಲೆ ಕೆರೆದುಕೊಂಡ. “ತಪ್ಪು ನಂದ. ಅಂವ ಹೇಳಿಕೋತ ಹೊಂಟಾಗ ನಾನು ಇಲ್ಲಿ ರೂಢಿಯಂತ ಹ್ಞೂಂ ಹ್ಞೂಂ ಅನ್ನಾಕ ಹತ್ತೀನಿ. ಅವರ ಕಡೀನೂ ಹಾಡು ಕಥಿ ಕೇಳಾವ್ರು ನಡುನಡುವ ದನಿ ಕೊಡತಾರಂತ. ಅಂವಗ ತನ್ನ ಮನ್ಯಾಗ ಕುಂತಂಗಾತೋ ಏನೋ, ತಾಯಿ ಬಾಗಲದಾಗ ನಿಂತದ್ದ ಬಂದ ಕೂಡ್ಲೆ ಜಪಾನಿ ಬಿಟ್ಟು ತನ್ನ ಮಾತಿನಾಗ ಹೇಳಾಕ ಹತ್ತಿಬಿಟ್ಟ. ಅಂವಗ ಅದರ ಖಬರ ಇಲ್ಲ. ನನಗ ಒಂದಕ್ಷರ ತಿಳೀವಲ್ದು.”

“ಮತ್ತ ತಡೀಬೇಕಿಲ್ಲೇನ?”

“ಹೆಂಗ ತಡೀಲಿ ಯವ್ವಾ? ಹ್ಞೂಂ ಅನ್ನೂದು ನಿಲ್ಲಿಸಿದ್ರ ಕಥಿ ದಾರಿ ತಪ್ಪತೈತಿ ಅಂತ ನೀನ ಹೇಳೀಯಲ್ಲ. ಕಡೀತನಾ ಹ್ಞೂಂ ಅಂದೆ. ಮರುದಿನ ಕೇಳಿದ್ರಾತು ಅಂದ್ರ, ಮರುದಿನ ಅವರ ಗುಂಪನ್ನ ಬ್ಯಾರೆ ಕಡೆ ಒಯ್ದಿದ್ರು. ಆಮ್ಯಾಲ ಅಂವ ಯಾವ ಕಡೆ ಹೋದ್ನೋ ಗೊತ್ತಾಗಲಿಲ್ಲ.”

ಅವ್ವ ಹಣೆ ಚಚ್ಚಿಕೊಂಡಳು. “ಸಮುದ್ರ ದಾಟಿ ಹೋಗಿ ಅರ್ಧ ಕಥಿ ತಂದೀಯಲ್ಲೋ ಮೂಳಾ! ಒಂದು ರಗ್ಗು ತರಲಿಲ್ಲ, ಒಂದು ಬೋಗೋಣಿ ತರಲಿಲ್ಲ, ತಂದದ್ದೂ ಅರ್ಧಾ! ಆ ತಾಯಿ ಬಾಗಲದಾಗ ನಿಂತಾಳ, ಮಗಾ ಒಳಗ ಮಲಗ್ಯಾನ, ನನಗ ನಿದ್ದಿ ಹೆಂಗ ಬರಬೇಕು?” ಆಮೇಲೆ ಅಳಿಯನ ಕಡೆ ತಿರುಗಿದಳು. “ಅಳ್ಯಾರ, ನೀವು ಕಥಿ ಬರ್ಯಾವ್ರು ಅದೀರಿ. ಇದನ್ನ ನೀವ ಮುಗಸ್ರಿ.”

“ನನಗ ಬರೂದಿಲ್ರಿ ಅತ್ತಿ,” ಅಂದರು ಇವರು. “ನನ್ನ ಕಥಿ ಎಲ್ಲಾ ಸಾಂಗಲೀವು.”

“ಸಾಂಗಲೀದರ ತರ್ರಿ, ಸಿಂಗಾಪುರದ್ದರ ತರ್ರಿ. ಆಕೀನ ಬಾಗಲದಾಗಿಂದ ಒಳಗ ಕರಕೋರ್ರಿ ಮೊದಲ.”

ಹೆಣ್ಣು ಕೊಟ್ಟ ಅತ್ತೆಯ ಮಾತು ಮೀರುವ ಹಾಗಿರಲಿಲ್ಲ. ಇವರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಮಗ ಕೋಪದಿಂದ ಮನೆ ಬಿಟ್ಟು ಪಟ್ಟಣ ಸೇರಿದ, ದೊಡ್ಡ ಲೇಖಕನಾದ, ವರ್ಷಗಳ ನಂತರ ತಾಯಿಗೆ ಕಾಯಿಲೆಯೆಂದು ತಿಳಿದು ರೈಲು ಹತ್ತಿದ, ಅಷ್ಟರಲ್ಲಿ ಆಕೆಯ ಪ್ರಾಣಪಕ್ಷಿ... ಅವ್ವ ಹ್ಞೂಂ ಅನ್ನಲಿಲ್ಲ. ಅಕ್ಬರಸಾಬ ಕಲ್ಲಂಗಡಿಯ ಸಿಪ್ಪೆ ಒಟ್ಟುಮಾಡತೊಡಗಿದ. ನಾನಾದರೂ ಅನ್ನಬೇಕಿತ್ತು, ಬಾಯಿ ಬರಲಿಲ್ಲ. ರೈಲು ನಡುದಾರಿಯಲ್ಲಿ ನಿಂತಿತು.

ಇನ್ನು ಇವರು ಈ ಜನ್ಮದಲ್ಲಿ ಬಾಯಿ ತೆರೆಯುವುದಿಲ್ಲ ಎಂದುಕೊಂಡೆ. ತವರಿಗೆ ಕರೆದುಕೊಂಡು ಬಂದು ನಾನೇ ಅವರನ್ನು ಎರಡನೆಯ ಸಲ ಸಭೆಯಲ್ಲಿ ಕೂಡಿಸಿದ್ದೆನಲ್ಲ.

ಇವರು ಬೀಜದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಮತ್ತೆ ಮಾತಾಡಿದಾಗ ಅದು ಓದುವ ದನಿಯಾಗಿರಲಿಲ್ಲ, ಶಾಲೆಯ ದನಿಯೂ ಅಲ್ಲ.

“ಆ ಹುಡುಗ ಮನಿ ಬಿಟ್ಟು ಹೋಗಲಿಲ್ರಿ. ಎಲ್ಲಿಗಿ ಹೋಗತಾನ? ಸೂಟಿ ಮುಗಿಯೂತನಾ ಅಲ್ಲೇ ಇರಬೇಕು. ಅವ್ವ ಕರದ್ರ ಓ ಅನ್ನಲಿಲ್ಲ, ಅಷ್ಟ. ಆಕಿ ಆ ಪುಸ್ತಕಾನ ನೀರಾಗ ನೆನಿ ಹಾಕಿದ್ಲು. ಮೆಂತೆ ಹಾಕಿ ಒಳ್ಳಾಗ ಕುಟ್ಟಿದ್ಲು. ಅಂವ ಬಂದಾಗ ಕುಟ್ಟಾಕ ಹತ್ತಿದ್ಲು. ಕೊಡಾ ಬೋರಲ ಹಾಕಿ, ಅದರ ಮ್ಯಾಲ ಮೆತ್ತಿ, ಬಿಸಲಿಗೆ ಇಟ್ಟು, ರೊಟ್ಟಿ ಬುಟ್ಟಿ ಮಾಡಿದ್ಲು.”

“ಹ್ಞೂಂ,” ಅಂದಳು ಅವ್ವ.

“ಮಾಸ್ತರ, ಬಾಗಲಾ ಇತ್ತಲ್ರಿ? ಬುಟ್ಟಿ ಎಲ್ಲಿಂದ ಬಂತು?” ಅಂದ ಅಕ್ಬರಸಾಬ.

“ಸುಮ್ಮ ಕುಂಡ್ರೋ ಅಕ್ಬರ್ಯಾ!” ಅವ್ವ ಅವನ ಕಡೆ ಕೈ ಬೀಸಿದಳು. “ನೀವು ಹೇಳ್ರಿ ಅಳ್ಯಾರ. ಹ್ಞೂಂ.”

ಆ ಬುಟ್ಟಿ ನನಗೆ ಗೊತ್ತಿತ್ತು. ಶಿರಹಟ್ಟಿಯಲ್ಲಿ ನನ್ನ ಅತ್ತೆ ಉಡಚವ್ವನ ಅಡುಗೆಮನೆಯಲ್ಲಿದೆ. ಮದುವೆಯಾಗಿ ಹೋದ ಮೊದಲ ದಿನ ನಾನು ಅದರಿಂದಲೇ ರೊಟ್ಟಿ ತಿಂದದ್ದು. ಹಳೆಯ ಕಾಗದ ಕುಟ್ಟಿ ಬುಟ್ಟಿ ಮಾಡುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದ್ದದ್ದೇ, ಅದು ಯಾವ ಕಾಗದವೆಂದು ಯಾರು ಕೇಳುತ್ತಾರೆ? ಇಷ್ಟು ವರ್ಷ ಸಂಸಾರ ಮಾಡಿದರೂ ಇವರು ನನಗೊಂದು ಮಾತು ಹೇಳಿರಲಿಲ್ಲ.

ಇವರು ಹೇಳುತ್ತ ಹೋದರು. ಆ ಹುಡುಗನಿಗೆ ತಾಯಿಯ ಮೇಲೆ ಸಿಟ್ಟು, ಅದಕ್ಕಿಂತ ತನ್ನ ಮೇಲೆ ನಾಚಿಕೆ. ಸಾಂಗಲಿಯ ಗೆಳೆಯರ ತಾಯಂದಿರಿಗೆ ಓದಲು ಬರುತ್ತದೆ, ತನ್ನ ತಾಯಿಗೆ ಬರುವುದಿಲ್ಲ, ಇದು ಯಾರಿಗೂ ಗೊತ್ತಾಗಬಾರದು ಎಂದು ಅವನಿಗೆ ಅನ್ನಿಸಿದ್ದು. ಕೊರಿಯಾದ ಹುಡುಗ ಸಾಂಗಲಿಗೆ ಯಾವಾಗ ಹೋದನೆಂದು ಈ ಸಲ ಅಕ್ಬರಸಾಬನೂ ಕೇಳಲಿಲ್ಲ. ಅಂದಿನಿಂದ ಅವನು ತಾನು ಬರೆದದ್ದನ್ನು ತಾಯಿಯ ಎದುರಿಗೆ ಎತ್ತಲಿಲ್ಲ. ಆಕೆಯೂ ಕೇಳಲಿಲ್ಲ. ಹೊಲಕ್ಕೆ ಬುತ್ತಿ ಒಯ್ಯುವಾಗ ಆ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಮುಂದೆ ಹೋಗುತ್ತಿದ್ದಳು, ಅವನು ಹಿಂದೆ ನೋಡುತ್ತ ಹೋಗುತ್ತಿದ್ದ.

“ಆತ್ರಿ, ಇಷ್ಟ,” ಅಂದರು ಇವರು.

ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೂ ಅಳು ಬಂದಿತ್ತು, ಅದಕ್ಕಿಂತ ಹೆಚ್ಚು ಸಂತೋಷವಾಗಿತ್ತು. ಹಾರ್ಮೋನಿಯಂ ಇಲ್ಲ, ಕಪ್ಪುಬಸಿ ಇಲ್ಲ. ಆದರೆ ಒಬ್ಬ ಮನುಷ್ಯ ತನ್ನ ನಾಚಿಕೆಯನ್ನು ಹೀಗೆ ಹತ್ತು ಜನರ ಎದುರಿಗೆ ಬಿಚ್ಚಿಡುವುದನ್ನು ಇವರು ಎಲ್ಲಿ ಕಲಿತರು? ಹುಲಿಯ ಕಥೆ ಹೇಳಿದ ನಮ್ಮ ಅಜ್ಜಿಯರಿಂದ ಅಲ್ಲ. ಆ ಮರಾಠಿ ಮಾಸಪತ್ರಿಕೆಗಳನ್ನು ನಾನು ಎಷ್ಟು ಬೈದಿದ್ದೆನೋ ಅಷ್ಟೂ ಹಿಂದಕ್ಕೆ ತೆಗೆದುಕೊಂಡೆ.

ಹುಚ್ಚೀರಪ್ಪ ಮಾತ್ರ ಹುಬ್ಬು ಗಂಟು ಹಾಕಿ ಕೂತಿದ್ದ. “ಭಾಳ ಚಲೋ ಆತು ಮಾಮಾ. ಆದ್ರ ಹಾನ್ ಮಾಸ್ತರನ ಕಥಿ ಹಿಂಗ ಮುಗೀಲಿಲ್ಲ.”

“ನಿನಗ ತಿಳೀಲಿಲ್ಲ ಅಂದೆಲ್ಲ?”

“ಮಾತು ತಿಳೀಲಿಲ್ಲ. ಮಾರಿ ಕಾಣತಿತ್ತಲ್ಲ? ಅಂವ ಕಡೀಕ ನಕ್ಕ ಮಾಮಾ. ಕಣ್ಣಾಗ ನೀರು ಬರೂವಂಗ ನಕ್ಕ, ನನ್ನ ಬೆನ್ನಿಗೆ ಬಡದು ನಕ್ಕ.”

“ನಕ್ಕನೇನು?” ಇವರು ನೆಟ್ಟಗೆ ಕೂತರು. “ಯಾಕ ನಕ್ಕ?”

“ಅದ ಗೊತ್ತಿಲ್ಲಲ್ಲ!”

ಹಬ್ಬ ಮುಗಿಸಿ ಹೊರಟ ದಿನ ಬಸ್ಸಿನುದ್ದಕ್ಕೂ ಅದೇ ಮಾತು. ಗದಗಿನಲ್ಲಿ ಬಸ್ಸು ಬದಲಿಸುವಾಗ, ಎತ್ತಿದ ಚಹಾ ಕಪ್ಪನ್ನು ಹಾಗೇ ಹಿಡಿದು, “ನಗುವಂಥಾದ್ದು ಏನೈತಿ ಅದರಾಗ?” ಅಂದರು. ಚಹಾ ಆರಿದೆ ಎಂದು ಆಮೇಲೆ ಹೋಟೆಲಿನವನ ಜೊತೆ ಜಗಳ ತೆಗೆದರು. ಆ ಜಗಳ ಕೇಳಿ ನನಗೆ ಹಬ್ಬವಾಯಿತು. ನಾಗಾವಿ ದಾಟಿದ ಮೇಲೆ ಮತ್ತೆ ಕೇಳಿದರು, “ತಾಯಿ ಏನರ ಅಂದಿರಬೇಕು. ಅಲ್ಲೇನು? ಬಾಗಲದಾಗ ನಿಂತು ಆಕಿ ಏನರ ಅಂದಿರಬೇಕು.”

“ನಿಮ್ಮ ತಾಯಿನ್ನ ಕೇಳ್ರಿ,” ಅಂದೆ. ಸಿಟ್ಟಿನಿಂದ ಅಂದದ್ದಲ್ಲ, ಬಾಯಿಗೆ ಬಂದದ್ದು ಅಂದೆ.

ಲಕ್ಷ್ಮೇಶ್ವರದ ಟಿಕೀಟು ಕೈಯಲ್ಲಿತ್ತು. ಶಿರಹಟ್ಟಿಯಲ್ಲಿ ಬಸ್ಸು ನಿಂತ ಕೂಡಲೇ ಇವರು ಎದ್ದು ಇಳಿದೇಬಿಟ್ಟರು. ನಾನು ಗಂಟು ಎತ್ತಿಕೊಂಡು ಹಿಂದೆ ಓಡಿದೆ.

ನನ್ನ ಅತ್ತೆ ಹಿತ್ತಲಲ್ಲಿ ನೆರಳಿಗೆ ಕೂತು ಶೇಂಗಾ ಒಡೆಯುತ್ತಿದ್ದಳು. ಭಾವನವರ ಮಕ್ಕಳು ಸುತ್ತ ಕೂತು, ಒಡೆದಷ್ಟನ್ನೂ ತಿನ್ನುತ್ತಿದ್ದರು. ನಮ್ಮನ್ನು ನೋಡಿ ಅವಳು ಏಳಲು ಹೋದಳು, ಇವರು ಏಳಗೊಡಲಿಲ್ಲ. ಕೈಕಾಲು ತೊಳೆಯದೆ, ಕೋಟು ಬಿಚ್ಚದೆ, ಅವಳೆದುರು ನೆಲದ ಮೇಲೆ ಕೂತರು.

“ಯವ್ವಾ, ನಾ ಸಾಂಗಲೀಲಿಂದ ಒಂದು ಪುಸ್ತಕಾ ತಂದಿದ್ದೆ. ನೀ ಅದನ್ನ ಕುಟ್ಟಿ ಬುಟ್ಟಿ ಮಾಡಿದಿ.”

“ಹೌದಲ್ಲ. ಒಳಗೈತಿ. ಯಾಕ, ಬೇಕೇನು?”

“ಅದರಾಗ ನಾ ಬರದದ್ದು ಇತ್ತಬೇ.”

“ಗೊತ್ತು.”

ಇವರು ತಿರುಗಿ ನನ್ನನ್ನು ನೋಡಿದರು. ನನಗೂ ಅದು ಹೊಸ ಸುದ್ದಿ.

“ನಿಮ್ಮ ಮಾವ ಹೇಳಿದ್ದ, ನಿಂಗಪ್ಪ ಬರದದ್ದು ಅಚ್ಚಾಗೇತಿ ಅಂತ,” ಅಂದಳು ಅತ್ತೆ, ಶೇಂಗಾ ಒಡೆಯುತ್ತಲೇ. “ನೀ ಅದನ್ನ ಇಲ್ಲೇ ಟ್ರಂಕಿನಾಗ ಹಾಕಿಟ್ಟು ಸಾಂಗಲಿಗೆ ಹೋಗಾಂವ ಇದ್ದಿ. ನಿಮ್ಮಪ್ಪನ ಕಾಗದ ಎಲ್ಲಾ ಆ ಟ್ರಂಕಿನಾಗ ಇಲಿ ತಿಂದುವಲ್ಲ. ನನಗ ಓದಾಕಂತೂ ಬರೂದಿಲ್ಲ. ಬುಟ್ಟಿ ಮಾಡಿದ್ರ ದಿನಾ ಕೈಯಾಗ ಇರತೈತಿ ಅಂತ ಮಾಡಿದೆ. ಇಲಿ ಬರಬಾರದು ಅಂತ ಮೆಂತೆ ಒಂದು ಹಿಡಿ ಜಾಸ್ತೀನ ಹಾಕಿದ್ದೆ.”

ಇವರು ತಾಯಿಯ ಮುಖವನ್ನೇ ನೋಡುತ್ತಿದ್ದರು. ಆಮೇಲೆ ನಗತೊಡಗಿದರು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು. ಮಕ್ಕಳು ಶೇಂಗಾ ಬಿಟ್ಟು ಮಾಸ್ತರ ಕಾಕಾನನ್ನು ನೋಡಿದರು.

“ಏನಾತೋ ನಿನಗ?” ಅಂದಳು ಅತ್ತೆ.

“ಏನಿಲ್ಲ ಯವ್ವಾ. ಕೊರಿಯಾದಾಗ ಒಬ್ಬ ಮಾಸ್ತರ ನಕ್ಕಿದ್ದ, ಅದು ನೆನಪಾತು.”

ಅತ್ತೆಗೆ ಏನೂ ತಿಳಿಯಲಿಲ್ಲ. ಮಗ ನಗುತ್ತಿದ್ದಾನೆ, ಅಷ್ಟೇ ಸಾಕು ಅನ್ನಿಸಿರಬೇಕು. ಸೆರಗಿನ ಸಿಪ್ಪೆ ಕೊಡವಿ, ಇವರ ಕೋಟಿನ ಮೇಲಿನ ಧೂಳನ್ನು ಕೈಯಿಂದ ಒರೆಸಿದಳು. ಒರೆಸುತ್ತ, ತುಸು ಅಂಜುತ್ತಲೇ ಕೇಳಿದಳು, “ಅದರಾಗ ಏನ್ ಬರದಿದ್ದಿ ನಿಂಗಪ್ಪಾ? ಇಷ್ಟು ವರ್ಷ ರೊಟ್ಟಿ ಹಾಕೀನಿ ಅದರಾಗ, ಏನೈತಿ ಅಂತ ನನಗ ಯಾರೂ ಹೇಳಲಿಲ್ಲ.”

ಇವರ ನಗು ನಿಂತಿತು. ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು. ಕಾಲು ಮಡಚಿ ಸರಿಯಾಗಿ ಕೂತು, ಆ ಮರಾಠಿ ಕಥೆಯನ್ನು ಶಿರಹಟ್ಟಿಯ ಮಾತಿನಲ್ಲಿ ತಾಯಿಗೆ ಹೇಳತೊಡಗಿದರು. ಪುಣೆಯ ವಾಡೆ ಅಂದದ್ದು ಅತ್ತೆಗೆ ತಿಳಿಯದೆ, ಓಣಿಯ ಗೌಡರ ಮನೆಯಾಯಿತು. ಅಲ್ಲಿ ಒಬ್ಬ ವಿಧವೆ ಅತ್ತೆ, ಸೊಸೆಯ ಹಾಡು ಕೇಳಲಾರದೆ ಹಾರ್ಮೋನಿಯಂ ಮಾರಿಬಿಡುತ್ತಾಳೆ.

“ಯಾಕ ಮಾರಿದ್ಲು?” ಅಂದಳು ನನ್ನ ಅತ್ತೆ.

“ಆಕಿ ಕೆಟ್ಟಾಕಿ, ಅದಕ್ಕ.”

“ಕೆಟ್ಟಾಕಿ ಅಂತ ಮಾರತಾಳೇನು? ಗಂಡ ಸತ್ತಾಕಿ ಮನ್ಯಾಗ ಹಾಡು ಕೇಳಿದ್ರ ಮಂದಿ ಏನಂತಾರ ಅಂತ ಅಂಜಿ ಮಾರಿರತಾಳ. ಆಕೀಗೂ ಕೇಳಬೇಕು ಅಂತ ಇದ್ದಿರತೈತಿ. ನೀ ಕೇಳೀಯೇನು ಆಕೀನ್ನ?”

ಇದೇ ಮಾತನ್ನು ನಾನು ಒಲೆಯ ಮುಂದೆ ಅಂದಿದ್ದರೆ ನನಗೆ ತಿಳಿಯುವುದಿಲ್ಲ ಎಂದು ಗದರುತ್ತಿದ್ದರು. ಗದಗಿನವರು ಅಂದಿದ್ದರೆ ಇನ್ನೊಂದು ಗಂಟು ಅಟ್ಟ ಸೇರುತ್ತಿತ್ತು. ನಾನು ಕೋಟನ್ನು ಎದೆಗೆ ಅವುಚಿಕೊಂಡು ನಿಂತೆ.

ಇವರು ಒಡೆಯದ ಶೇಂಗಾ ಒಂದನ್ನು ಬೆರಳಲ್ಲಿ ತಿರುಗಿಸುತ್ತ ಯೋಚಿಸಿದರು.

“ಕೇಳಿಲ್ಲಬೇ,” ಅಂದರು. “ಅದನ್ನ ತಿದ್ದಬೇಕು. ಕನ್ನಡದಾಗ ಮತ್ತ ಬರೀತೀನಿ.”

“ಬರಿ,” ಅಂದಳು ಅತ್ತೆ. “ಈ ಸಲ ನನಗ ಹೇಳಿ ಬರಿ.”